ಕಬ್ಬಿನವರು ಕಂಡ ಟೀ ತೋಟ

ಮೈಸೂರು, ಮಂಡ್ಯದವರಿಗೆ ಊಟಿ ಹೊಸ ಊರೇನಲ್ಲ. ಸ್ಕೂಲ್ ಟೂರ್‌ನಲ್ಲಿ ಒಂದು ಸಲ, ಮದುವೆಯಾದ ಹೊಸದರಲ್ಲಿ ಒಂದು ಸಲ, ಮಕ್ಕಳಾದ ಮೇಲೆ ಇನ್ನೊಂದು ಸಲ ಎಲ್ಲರೂ ಹೋಗಿ ಬಂದವರೇ. ಎಲ್ಲರ ಮೊಬೈಲಿನಲ್ಲೂ ಟೀ ಗಿಡಗಳ ನಡುವೆ ನಿಂತ ಫೋಟೋ ಇದ್ದೇ ಇರುತ್ತದೆ. ಆದರೆ ಆ ಗಿಡ ಯಾರದು, ಕಿತ್ತ ಎಲೆ ಎಲ್ಲಿಗೆ ಹೋಗುತ್ತದೆ, ಕೆಜಿಗೆ ಎಷ್ಟು ಸಿಗುತ್ತದೆ ಅಂತ ವಿಚಾರಿಸಿಕೊಂಡು ಬಂದವರು ಕಡಿಮೆ. ನನ್ನ ಸೋದರಮಾವನಿಗೆ ಬೇಕಿದ್ದದ್ದು ಬರೀ ಅದೇ.

ಮಾವ ಮಂಡ್ಯ ಹತ್ತಿರದ ಹಳ್ಳಿಯಲ್ಲಿ ಕಬ್ಬು ಬೆಳೆಯುವವರು. ದಿನಕ್ಕೆ ಆರೇಳು ಟೀ ಕುಡಿಯುವವರು. ನನ್ನ ಜೊತೆ ಮೈಸೂರಿನಲ್ಲಿ ಓದಿದ ಗೆಳೆಯನೊಬ್ಬ ಊಟಿ ಹತ್ತಿರದ ಕೋತಗಿರಿ ಕಡೆಯವನು. ನೀಲಗಿರಿಯ ಬಡಗ ಸಮುದಾಯದ ಹುಡುಗ, ಮನೆಯಲ್ಲಿ ಎರಡು ಎಕರೆ ಟೀ ಇದೆ. ಈ ವಿಷಯ ಮಾವನ ಕಿವಿಗೆ ಬಿದ್ದಿದ್ದೇ ತಡ, "ಹೋಗ್ಬುಟ್ಟು ಬರಾನ ನಡೀಲಾ, ಆ ಬೆಳೆ ಲೆಕ್ಕ ಏನು ಅಂತ ನೋಡ್ಮ" ಅಂತ ಹಿಡಿದುಕೊಂಡರು. ದಸರಾ ಗಲಾಟೆ ಮುಗಿದ ಮೇಲೆ ಹೊರಟೆವು.

ಬಸ್ಸಿನಲ್ಲೇ ಹೋಗೋಣ ಅಂದದ್ದು ನಾನು. ಅದಕ್ಕೆ ಕಾರಣ ಇದೆ. ಸ್ವಂತ ಗಾಡಿಯಲ್ಲಿ ನೀಲಗಿರಿ ಹತ್ತಬೇಕಾದರೆ ಈಗ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ 7ರಿಂದ ಇದು ಶುರುವಾಯಿತು. ದುಡ್ಡು ಕಟ್ಟಬೇಕಿಲ್ಲ. ಗಾಡಿ ನಂಬರು, ಎಷ್ಟು ಜನ, ಯಾವತ್ತು ಬರುತ್ತೀರಿ, ಎಲ್ಲಿ ಉಳಿಯುತ್ತೀರಿ ಅಂತ ತುಂಬಿದರೆ ಪಾಸ್ ಮೊಬೈಲಿಗೆ ಬರುತ್ತದೆ. ಆದರೆ 2025ರ ಬೇಸಿಗೆಯಲ್ಲಿ ಇದಕ್ಕೆ ಮಿತಿಯನ್ನೂ ಹಾಕಿದ್ದರು. ವಾರದ ದಿನಗಳಲ್ಲಿ ದಿನಕ್ಕೆ 6,000 ಗಾಡಿ, ಶನಿವಾರ ಭಾನುವಾರ 8,000. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ಯಾವ ರಗಳೆಯೂ ಇಲ್ಲ. ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತರೆ ಆಯಿತು. ಡ್ರೈವರ್‌ಗೂ ತೋಟ ನೋಡುವ ಆಸೆ ಇರುತ್ತದಲ್ವಾ, ಆ ತಿರುವುಗಳಲ್ಲಿ ಅದು ಸ್ವಂತ ಕಾರಿನಲ್ಲಿ ಸಾಧ್ಯವೇ ಇಲ್ಲ.

ಮೈಸೂರು ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಬೆಳಿಗ್ಗೆಯೇ ಹೊರಟಿತು ಬಸ್ಸು. ನಂಜನಗೂಡು, ಗುಂಡ್ಲುಪೇಟೆ ತನಕ ಹೇಳುವಂಥದ್ದೇನಿಲ್ಲ. ಗುಂಡ್ಲುಪೇಟೆಯಲ್ಲಿ ರಸ್ತೆ ಎರಡಾಗುತ್ತದೆ. ಬಲಕ್ಕೆ ಹೋದರೆ ಸುಲ್ತಾನ್ ಬತ್ತೇರಿ, ನೇರ ಹೋದರೆ ಬಂಡೀಪುರ. ಎರಡೂ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಓಡಾಟಕ್ಕೆ ತಡೆ ಇದೆ. ವಾಪಸ್ ಬರುವಾಗ ಈ ಒಂಬತ್ತು ಗಂಟೆ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ಇರಬೇಕು. ಊಟಿಯಲ್ಲಿ ಸಂಜೆ ತನಕ ಸುತ್ತಾಡಿ ಆಮೇಲೆ ಹೊರಡೋಣ ಅಂದುಕೊಂಡರೆ ಚೆಕ್‌ಪೋಸ್ಟ್‌ನಲ್ಲೇ ರಾತ್ರಿ ಕಳೆಯಬೇಕು.

ಬಂಡೀಪುರ ದಾಟಿ ತಮಿಳುನಾಡಿನ ಗಡಿಗೆ ಬಂದ ಕೂಡಲೇ ಚೆಕ್‌ಪೋಸ್ಟ್‌ನವರು ಬಸ್ಸು ಹತ್ತಿ ಬ್ಯಾಗುಗಳ ಕಡೆ ಕಣ್ಣಾಡಿಸಿದರು. ನೀಲಗಿರಿ ಜಿಲ್ಲೆಯಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಡೆಯುವುದಿಲ್ಲ, ಸಣ್ಣ ನೀರಿನ ಬಾಟಲಿಯೂ ಸೇರಿ. ನಮ್ಮದು ಸ್ಟೀಲ್ ಬಾಟಲಿ, ಬಚಾವಾದೆವು. ಮುಂದಿನ ಸೀಟಿನವರ ಬಿಸ್ಲೇರಿ ಅಲ್ಲೇ ಇಳಿಯಿತು. ಒಳಗಡೆ ರಸ್ತೆ ಬದಿಯಲ್ಲಿ ಅಲ್ಲಲ್ಲಿ ನೀರಿನ ಎಟಿಎಂ ಇಟ್ಟಿದ್ದಾರೆ, ಬಾಟಲಿ ಇದ್ದರೆ ತುಂಬಿಸಿಕೊಳ್ಳಬಹುದು. ನನಗೆ ಇದು ಸರಿ ಅನ್ನಿಸಿತು. ಚಾಮುಂಡಿ ಬೆಟ್ಟಕ್ಕೂ ಹೀಗೇ ಮಾಡಬಾರದಾ?

ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ, ಕಲ್ಹಟ್ಟಿ ಘಾಟಿ. 36 ಹೇರ್‌ಪಿನ್ ತಿರುವುಗಳ ದಾರಿ ಅದು. ಹತ್ತಿರದ ದಾರಿ ಹೌದು, ಆದರೆ ವಿಪರೀತ ಕಡಿದು. ಬ್ರೇಕ್ ಬಿಸಿಯಾಗಿ ಆದ ಅಪಘಾತಗಳು ಜಾಸ್ತಿಯಾಗಿ, ಹೊರಗಿನ ಗಾಡಿಗಳನ್ನು ಊಟಿಯಿಂದ ಆ ಕಡೆ ಇಳಿಯಲು ಬಿಡುವುದಿಲ್ಲ. ನಮ್ಮ ಬಸ್ಸು ಗೂಡಲೂರಿನ ಮೇಲೆ ಹೋಗುವ ಸುತ್ತಿನ ದಾರಿ ಹಿಡಿಯಿತು. ಟೀ ನೋಡಬೇಕು ಅನ್ನುವವರಿಗೆ ಬೇಕಾದದ್ದೂ ಇದೇ ದಾರಿ.

ಗೂಡಲೂರು ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಘಾಟಿ ಹತ್ತುತ್ತಾ ಹೋದ ಹಾಗೆ ಟೀ ಶುರುವಾಗುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ತುಂಡು, ಕಾಫಿ, ಮೆಣಸಿನ ಬಳ್ಳಿಯ ನಡುವೆ. ಆಮೇಲೆ ಗುಡ್ಡಕ್ಕೆ ಗುಡ್ಡವೇ. ನಡುನಡುವೆ ಸಿಲ್ವರ್ ಓಕ್ ಮರ. ಮಾವ ಕಿಟಕಿಗೆ ಮುಖ ಅಂಟಿಸಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ನೀರು ಎಲ್ಲಿಂದ ಬಿಡ್ತಾರ್ಲಾ ಇದಕ್ಕೆ?" ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದವರ ಪ್ರಶ್ನೆ ಅದು. ನಾಲೆ ಇಲ್ಲ, ಮಳೆಯೇ ಅಂದೆ. ಗೂಡಲೂರು ಕಡೆಗೆ ಮುಂಗಾರು ಜಾಸ್ತಿ, ಕೂನೂರು ಕೋತಗಿರಿ ಕಡೆಗೆ ಹಿಂಗಾರಿನ ಮಳೆ. ಒಂದೇ ಜಿಲ್ಲೆ, ಆದರೆ ಬೆಟ್ಟದ ಈ ಮಗ್ಗುಲಿಗೊಂದು ಮಳೆಗಾಲ, ಆ ಮಗ್ಗುಲಿಗೊಂದು ಮಳೆಗಾಲ.

ಗೂಡಲೂರಿನ ಸುತ್ತ ಸರ್ಕಾರಿ ಟೀ ತೋಟಗಳ ಬೋರ್ಡು ಕಾಣುತ್ತದೆ. ಅದರ ಹಿಂದೆ ಒಂದು ಕಥೆ ಇದೆ. ಶ್ರೀಲಂಕಾದ ಟೀ ತೋಟಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ತಮಿಳರಲ್ಲಿ ಲಕ್ಷಾಂತರ ಜನರನ್ನು ಭಾರತ ವಾಪಸ್ ಕರೆಸಿಕೊಳ್ಳಬೇಕು ಅಂತ 1964ರಲ್ಲಿ ಸಿರಿಮಾವೋ–ಶಾಸ್ತ್ರಿ ಒಪ್ಪಂದ ಆಯಿತು. ಬಂದವರಿಗೆ ಕೆಲಸ ಬೇಕಲ್ಲ. ಅದಕ್ಕಾಗಿ 1968ರಲ್ಲಿ ತಮಿಳುನಾಡು ಸರ್ಕಾರ ಈ ತೋಟಗಳನ್ನು ಶುರು ಮಾಡಿತು. ಈಗ ಅದರ ಹೆಸರು ಟ್ಯಾನ್‌ಟೀ. ತೋಟದ ಲೈನ್ ಮನೆಗಳಲ್ಲಿ ಇವತ್ತಿಗೂ ಆ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಹಸಿರು ಬೆಟ್ಟ ಅಂತ ಫೋಟೋ ತೆಗೆಯುವಾಗ ಮೂಲೆಯಲ್ಲಿ ಬೀಳುವ ಆ ಉದ್ದನೆಯ ತಗಡಿನ ಸಾಲು ಮನೆಗಳು ಇವೇ.

ಇನ್ನೂ ಮೇಲೆ ಹೋದರೆ ನಡುವಟ್ಟಂ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಸಿಂಕೋನಾ ಬೆಳೆಸಿದರು, ಮಲೇರಿಯಾಗೆ ಕೊಡುವ ಕ್ವಿನೈನ್ ಅದರ ತೊಗಟೆಯಿಂದ ಬರುವುದು. ಚೀನಿ ಕೈದಿಗಳನ್ನು ತಂದು ಇಲ್ಲಿ ಇಟ್ಟಿದ್ದರು, ತೋಟದ ಕೆಲಸ ಮಾಡಿಸಿದರು. ಹಳೇ ಜೈಲಿನ ಕಟ್ಟಡ ಈಗಲೂ ಇದೆ. ಬಸ್ಸು ಅಲ್ಲಿ ಟೀಗೆ ಅಂತ ನಿಲ್ಲಿಸಿತು. ಇಳಿದರೆ ಚಳಿ ಒಮ್ಮೆಲೇ ಮೈಗೆ ಅಡರಿತು. ಮಾವ ಟವೆಲ್ಲನ್ನು ತಲೆಗೆ ಸುತ್ತಿಕೊಂಡರು. ಟೀ ಮಾತ್ರ ನಮ್ಮ ಮದ್ದೂರಿನ ಹೋಟೆಲಿನ ಟೀಗೂ ಕಡೆ ಇತ್ತು. ಬೆಳೆಯುವ ಊರಲ್ಲಿ ಒಳ್ಳೆಯದು ಸಿಗುವುದಿಲ್ಲ ಅನ್ನುವುದು ಕಬ್ಬಿನವರಿಗೂ ಗೊತ್ತಿರುವ ವಿಚಾರವೇ.

ಪೈಕಾರಾ ದಾಟಿ ಊಟಿ. ಊಟಿಯ ಬಗ್ಗೆ ಬರೆಯುವುದಿಲ್ಲ. ಜನ, ಹಾರ್ನು, ಚಾಕೊಲೇಟ್ ಅಂಗಡಿ. ನಮ್ಮ ಮಹಾರಾಜರ ಫರ್ನ್‌ಹಿಲ್ ಅರಮನೆ ಇದೇ ಊರಲ್ಲಿರುವುದು ಅಂತ ಮಾವನಿಗೆ ಹೇಳಿದೆ. "ಅವ್ರು ಬ್ಯಾಸ್ಗೇಲಿ ಬತ್ತಿದ್ರು, ನಾವು ಚಳೀಲಿ ಬಂದಿವಿ" ಅಂದರು. ಅಲ್ಲಿಂದ ಕೂನೂರಿಗೆ ಪುಟ್ಟ ರೈಲು ಹತ್ತಿದೆವು. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ ಬಂದ ರೈಲು ಊಟಿ ತಲುಪಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುವ, ಉಗಿ ಎಂಜಿನ್ ತಳ್ಳುವ ಕಡಿದಾದ ಭಾಗ ಕೂನೂರಿನ ಕೆಳಗಡೆ. ಊಟಿ–ಕೂನೂರು ನಡುವೆ ಡೀಸೆಲ್ ಎಂಜಿನ್ ಓಡುತ್ತದೆ. ಎಂಜಿನ್ ಆಸೆಗೆ ಹತ್ತಿದವರಿಗೆ ನಿರಾಸೆ ಆಗಬಹುದು. ಆದರೆ ಕೇತ್ತಿ ಕಣಿವೆ ಮಾತ್ರ ನೋಡಲೇಬೇಕು. ಕ್ಯಾರೆಟ್, ಕೋಸು, ಬೆಳ್ಳುಳ್ಳಿಯ ಮಟ್ಟಸ ಪಟ್ಟಿಗಳು, ಅದರ ಮೇಲ್ಗಡೆ ಟೀ.

ಕೂನೂರಿನಿಂದ ಕೋತಗಿರಿಗೆ ಮತ್ತೆ ಬಸ್ಸು. ಗೆಳೆಯ ಸ್ಟ್ಯಾಂಡಿಗೆ ಬಂದಿದ್ದ. ಅವರ ಹಟ್ಟಿ ಅಲ್ಲಿಂದ ಸ್ವಲ್ಪ ದೂರ. ಹೆಂಚಿನ ಮನೆಗಳ ಸಾಲು, ಎದುರಿಗೆ ಅಂಗಳ, ಅದರಾಚೆ ಇಳಿಜಾರಿಗೆ ಟೀ. ಗೆಳೆಯನ ಅಮ್ಮ ಬಡಗ ಮಾತಾಡುತ್ತಿದ್ದರು, ಮಾವ ಮಂಡ್ಯದ ಮಾತು. ಇಬ್ಬರಿಗೂ ಅರ್ಧರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ಕೈ ಸಾಕಾಯಿತು. ಮೈಸೂರು ಸೀಮೆಯಿಂದ ಬಂದವರು ನಾವು ಅಂತ ಹಿರಿಯರು ಹೇಳುತ್ತಿದ್ದರು ಅಂದರು ಆಕೆ. "ಆಗಿದ್ರೆ ನೆಂಟ್ರೇ ಆದಂಗಾಯ್ತು ಬುಡ್ರವ್ವ" ಅಂತ ಮಾವ ಜಗಲಿ ಮೇಲೆ ಕಾಲು ಚಾಚಿ ಕೂತರು. ರಾತ್ರಿ ಊಟಕ್ಕೆ ಅವರೆಕಾಳಿನ ಸಾರು. ಮಾವನ ಮುಖ ನೋಡಬೇಕಿತ್ತು.

ಮಾರನೇ ದಿನ ಬೆಳಕು ಚೆನ್ನಾಗಿ ಹರಿದ ಮೇಲೆ ತೋಟಕ್ಕೆ ಇಳಿದೆವು. ಅದಕ್ಕೆ ಮುಂಚೆ ಇಳಿಯುವುದಿಲ್ಲ. ಕಾಟಿ, ಕರಡಿ ಟೀ ಸಾಲಿನಲ್ಲೇ ಮಲಗಿರುತ್ತವಂತೆ. ಗಿಡ ಸೊಂಟದೆತ್ತರ, ಒಳಗೆ ಏನು ಕೂತಿದೆ ಅಂತ ಕಾಣುವುದಿಲ್ಲ. ನಮ್ಮ ಕಡೆ ಕಬ್ಬಿನ ಗದ್ದೆಯೊಳಗೆ ಚಿರತೆ ಮರಿ ಹಾಕುವ ಹಾಗೆ.

ಗೆಳೆಯನ ಅಮ್ಮ ಸೊಂಟಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡರು. ಇಬ್ಬನಿಗೆ ಸೀರೆ ನೆನೆಯಬಾರದು, ರೆಂಬೆ ಚುಚ್ಚಬಾರದು. ಮೊದಲು ಕೈಯಲ್ಲಿ ಕೀಳುವುದು ಹೇಗೆ ಅಂತ ತೋರಿಸಿದರು. ತುದಿಯ ಮೊಗ್ಗು, ಅದರ ಕೆಳಗಿನ ಎರಡು ಎಲೆ. ಉಗುರಿನಲ್ಲಿ ಚಿವುಟುವುದಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಪಕ್ಕಕ್ಕೆ ಒಂದು ಸಣ್ಣ ತಿರುವು. ಟಕ್ ಅಂತ ಬರಬೇಕು. ಬಗ್ಗಿ ನಾರು ಎಳೆದರೆ ಅದು ಬಲಿತ ಎಲೆ, ಬಿಟ್ಟುಬಿಡಬೇಕು. ಎರಡೂ ಕೈ ಬೇರೆ ಬೇರೆಯಾಗಿ ಓಡುತ್ತಿದ್ದವು, ಕಣ್ಣು ಮುಂದಿನ ಗಿಡದ ಮೇಲೆ. ಮುಷ್ಟಿ ತುಂಬಿದ ಕೂಡಲೇ ಭುಜದ ಮೇಲಿಂದ ಹಿಂದಿನ ಚೀಲಕ್ಕೆ. ಮಾವನೂ ಒಂದಷ್ಟು ಕಿತ್ತರು. ಆಕೆ ಅದರಲ್ಲಿ ಅರ್ಧಕ್ಕರ್ಧ ಆರಿಸಿ ಬಿಸಾಡಿ ನಕ್ಕರು.

ಆದರೆ ದಿನಾ ಹೀಗೆ ಕೀಳುವುದಿಲ್ಲ. ಆಳು ಸಿಗಲ್ಲ. ಈಗ ಹೆಚ್ಚಿನವರ ಕೈಯಲ್ಲಿ ಇರುವುದು ದೊಡ್ಡ ಕತ್ತರಿ, ಅದರ ಒಂದು ಅಲಗಿಗೆ ಎಲೆ ಬೀಳುವ ತಟ್ಟೆ ಜೋಡಿಸಿರುತ್ತಾರೆ. ಬೇಗ ಆಗುತ್ತದೆ, ಆದರೆ ಬಲಿತ ಎಲೆಯೂ ಕಡ್ಡಿಯೂ ಸೇರಿ ಬರುತ್ತದೆ. ಹುಡುಗರೆಲ್ಲ ಕೊಯಮತ್ತೂರು, ಬೆಂಗಳೂರು ಸೇರಿದ್ದಾರೆ. ದೊಡ್ಡ ತೋಟಗಳಲ್ಲಿ ಜಾರ್ಖಂಡ್, ಅಸ್ಸಾಂನಿಂದ ಬಂದವರು ಕೆಲಸ ಮಾಡುತ್ತಾರೆ. ಮಾವ ಇದನ್ನು ಕೇಳಿ ತಲೆ ಆಡಿಸಿದರು. ನಮ್ಮೂರಲ್ಲಿ ಕಬ್ಬು ಕಡಿಯುವುದಕ್ಕೆ ಬಳ್ಳಾರಿ ಕಡೆಯ ಗ್ಯಾಂಗ್ ಬರುವವರೆಗೂ ಕಾಯುತ್ತಾ ಕೂರುತ್ತೇವಲ್ಲ.

ಗಿಡದ ವಯಸ್ಸು ಕೇಳಿ ಮಾವನಿಗೆ ಆಶ್ಚರ್ಯ. ಆ ತೋಟ ಗೆಳೆಯನ ತಾತ ಹಾಕಿದ್ದು. ಅದಕ್ಕೂ ಮೊದಲು ಅಲ್ಲಿ ಆಲೂಗಡ್ಡೆ. 1961ರಲ್ಲಿ ನೀಲಗಿರಿಯ ಆಲೂಗಡ್ಡೆ ಬೇರಿಗೆ ಗೋಲ್ಡನ್ ನೆಮಟೋಡ್ ಅನ್ನುವ ಹುಳು ಕಾಣಿಸಿಕೊಂಡಿತು. ಬೆಳೆ ಕೈ ಕೊಡತೊಡಗಿದಾಗ ಸಣ್ಣ ರೈತರು ಒಬ್ಬೊಬ್ಬರಾಗಿ ಟೀ ಕಡೆ ತಿರುಗಿದರು. ಟೀ ಗಿಡವನ್ನು ಹಾಗೇ ಬಿಟ್ಟರೆ ಅದು ಮರ ಆಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಮೊಣಕಾಲಿನ ಮಟ್ಟಕ್ಕೆ ಸವರಿಬಿಡುತ್ತಾರೆ. ಆಮೇಲೆ ಕೆಲವು ತಿಂಗಳು ಎಲೆ ಇಲ್ಲ, ಕಾಸೂ ಇಲ್ಲ. ಮತ್ತೆ ಚಿಗುರಿದರೆ ಹತ್ತು, ಹದಿನೈದು ದಿನಕ್ಕೊಮ್ಮೆ ಕೀಳುತ್ತಾ ಹೋಗುವುದು, ವರ್ಷಪೂರ್ತಿ. "ಅಂದ್ರೆ ಇದು ಕೂಳೆ ಬೆಳೆನೇ ಕಣ್ಲಾ. ನಾವು ಮೂರು ಕೂಳೆ ತಗಂಡ್ರೆ ಜಾಸ್ತಿ, ಇವ್ರು ನೂರು ವರ್ಷ ತಗತಾರೆ" ಅಂದರು ಮಾವ. ಕೂಳೆ ಅಂದರೆ ಕಡಿದ ಕಬ್ಬಿನ ಬುಡದಿಂದಲೇ ಮತ್ತೆ ಚಿಗುರಿ ಬರುವ ಬೆಳೆ. ಟೀಯನ್ನು ಇದಕ್ಕಿಂತ ಸರಿಯಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚೀಲಗಳನ್ನು ರಸ್ತೆ ಬದಿಯ ಎಲೆ ಶೆಡ್ಡಿಗೆ ತಂದರು. ಬಲೆ ಚೀಲ, ಗಾಳಿ ಆಡುವಂಥದ್ದು. ಎಲೆಯನ್ನು ಒತ್ತಿ ತುಂಬಬಾರದು. ಗೆಳೆಯನ ಅಮ್ಮ ಪ್ರತಿ ಚೀಲದೊಳಗೂ ಮೊಣಕೈವರೆಗೆ ಕೈ ತೂರಿಸಿ ನೋಡುತ್ತಿದ್ದರು. ನನ್ನ ಕೈಯನ್ನೂ ಹಾಕಿಸಿದರು. ಹೊರಗೆ ಅಷ್ಟು ಚಳಿ, ಚೀಲದ ನಡುವೆ ಬೆಚ್ಚಗೆ. ಕಿತ್ತ ಎಲೆ ಇನ್ನೂ ಉಸಿರಾಡುತ್ತಿರುತ್ತದೆ, ಶಾಖ ಬಿಡುತ್ತದೆ. ಒತ್ತಿಟ್ಟರೆ ಒಳಗಡೆ ಎಲೆ ಕೆಂಪಾಗಿ ಕೆಡುತ್ತದೆ. ಅಂಥದ್ದನ್ನು ಕಾರ್ಖಾನೆಯವರು ತಗೊಳ್ಳುವುದಿಲ್ಲ. ಆಕೆ ಒಂದು ಚೀಲವನ್ನು ಸುರಿದು, ಉದುರಿಸಿ, ಮತ್ತೆ ತುಂಬಿದರು. ಮಾವ ಏನೂ ಹೇಳಲಿಲ್ಲ, ತಾವೇ ಇನ್ನೊಂದು ಚೀಲ ಬಿಚ್ಚಿ ಉದುರಿಸಲು ಕೂತರು. ಕಡಿದ ಕಬ್ಬು ಗದ್ದೆ ಬದಿಯಲ್ಲಿ ಒಣಗುತ್ತಾ ಬಿದ್ದಿದ್ದು, ಲಾರಿ ಬರದೆ ಒದ್ದಾಡಿದ ದಿನಗಳು ಅವರಿಗೂ ಇವೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯದಿದ್ದರೆ ಸಕ್ಕರೆ ಅಂಶ ಇಳಿಯುತ್ತಾ ಹೋಗುತ್ತದೆ. ಟೀಗೆ ಅಷ್ಟು ಹೊತ್ತೂ ಇಲ್ಲ.

ತೂಕದ ಹೊತ್ತಿಗೆ ಸಣ್ಣ ಜಗಳ ಆಯಿತು. ಎಲೆ ಒದ್ದೆ ಇದೆ ಅಂತ ಎಲೆ ಕೊಳ್ಳಲು ಬಂದ ಏಜೆಂಟ್ ಪ್ರತಿ ಚೀಲಕ್ಕೂ ಇಷ್ಟು ಅಂತ ಕಡಿತ ಬರೆದುಕೊಂಡ. ಅಷ್ಟು ಒದ್ದೆ ಇಲ್ಲ ಅಂದರು ಆಕೆ. ಅವನು ಬರೆದದ್ದು ಬರೆದ ಹಾಗೇ ಉಳಿಯಿತು. ಮಾವ ನನ್ನ ಕಡೆ ತಿರುಗಿ, "ನಮ್ಗೆ ಸೋಗೆ, ಬೇರು ಅಂತಾರೆ. ಇವ್ರಿಗೆ ನೀರು ಅಂತಾರೆ" ಅಂದರು.

ಬೆಲೆಯ ಲೆಕ್ಕ ಹೀಗಿದೆ. ಹಸಿ ಎಲೆಗೆ ಟೀ ಬೋರ್ಡ್ ತಿಂಗಳಿಗೊಂದು ಸರಾಸರಿ ದರ ಹೇಳುತ್ತದೆ. ಕೂನೂರಿನ ಹರಾಜಿನಲ್ಲಿ ಟೀ ಪುಡಿಗೆ ಸಿಕ್ಕ ಬೆಲೆಯಿಂದ ಅದನ್ನು ಲೆಕ್ಕ ಹಾಕುವುದು. ಆ ಹರಾಜು 1963ರಿಂದ ನಡೆಯುತ್ತಿದೆ, ಈಗ ಎಲ್ಲ ಕಂಪ್ಯೂಟರಿನಲ್ಲೇ. ಅಂದರೆ ಎಲೆ ಕೊಟ್ಟ ದಿನ ರೈತನಿಗೆ ತನ್ನ ಎಲೆಯ ಬೆಲೆ ಗೊತ್ತಿರುವುದಿಲ್ಲ. ಗೆಳೆಯನ ಮನೆಗೆ ಆ ತಿಂಗಳು ಕೆಜಿಗೆ 20 ರೂಪಾಯಿ ಆಸುಪಾಸು ಬಂದಿತ್ತಂತೆ. ಕೀಳುವ ಕೂಲಿ, ಗೊಬ್ಬರ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಸೋವಿಯತ್ ಒಕ್ಕೂಟ ಇದ್ದಾಗ ನೀಲಗಿರಿಯ ಟೀಯನ್ನು ಅವರು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. 1991ರಲ್ಲಿ ಅದು ಒಡೆಯಿತು. ಆ ದಶಕದ ಕೊನೆಗೆ ಎಲೆ ಬೆಲೆ ಕುಸಿದದ್ದು ಇನ್ನೂ ಈ ಹಟ್ಟಿಗಳ ಬಾಯಲ್ಲಿದೆ. ನ್ಯಾಯವಾದ ಬೆಲೆ ಕೊಡಿ ಅಂತ ಕೋತಗಿರಿಯಲ್ಲಿ ರೈತರು ಉಪವಾಸ ಕೂತದ್ದೂ ಇದೆ.

ಕಬ್ಬಿಗೆ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ ಮೊದಲೇ ಹೇಳುತ್ತದೆ, 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಆದೇಶವೂ ಇದೆ ಅಂತ ನಾನು ಹೇಳಿದೆ. ಗೆಳೆಯನ ಅಪ್ಪ ಅಚ್ಚರಿಯಿಂದ ಕೇಳಿದರು, ಹಾಗಾದರೆ ನಿಮಗೆ ಹದಿನಾಲ್ಕು ದಿನಕ್ಕೆ ಬರುತ್ತದಾ? ಮಾವ ಜೋರಾಗಿ ನಕ್ಕರು. ಉತ್ತರ ಕೊಡಲಿಲ್ಲ.

ಎಲೆಯನ್ನು ಯಾರಿಗೆ ಕೊಡಬೇಕು ಅನ್ನುವುದಕ್ಕೆ ಎರಡು ದಾರಿ. ಒಂದು ಸಹಕಾರಿ ಕಾರ್ಖಾನೆ. ನೀಲಗಿರಿಯಲ್ಲಿ ಇಂಥ 16 ಕಾರ್ಖಾನೆಗಳಿವೆ, ಅವಕ್ಕೆಲ್ಲ 1965ರಲ್ಲಿ ಶುರುವಾದ ಇಂಡ್ಕೋಸರ್ವ್ ಅನ್ನುವ ಒಕ್ಕೂಟ ಇದೆ. ಇನ್ನೊಂದು ಖಾಸಗಿ ಕಾರ್ಖಾನೆ, ಸ್ವಂತ ತೋಟ ಇಲ್ಲದೆ ರೈತರಿಂದ ಎಲೆ ಕೊಂಡು ಪುಡಿ ಮಾಡುವವರು. ಮಾವನಿಗೆ ಇದು ತಕ್ಷಣ ಹೊಳೆಯಿತು. ಒಂದು ಸಕ್ಕರೆ ಕಾರ್ಖಾನೆ, ಇನ್ನೊಂದು ಆಲೆಮನೆ. ಕಾರ್ಖಾನೆಯಲ್ಲಿ ಷೇರು ಇರುತ್ತದೆ, ಆದರೆ ಕಬ್ಬು ಕಡಿಯಿರಿ ಅಂತ ಅವರು ಕೊಡುವ ಕಟಿಂಗ್ ಆರ್ಡರಿಗೆ ಕಾಯಬೇಕು. ಆಲೆಮನೆಯವನು ಕೈಗೆ ಕಾಸು ಕೊಡುತ್ತಾನೆ, ಬೆಲೆ ಅವನು ಹೇಳಿದ್ದು. ಇಲ್ಲಿಯೂ ಹೆಚ್ಚುಕಮ್ಮಿ ಅದೇ ಲೆಕ್ಕಾಚಾರ.

ಸಂಜೆ ಲಾರಿಯ ಹಿಂದೆಯೇ ಒಂದು ಖಾಸಗಿ ಕಾರ್ಖಾನೆಗೆ ಹೋದೆವು. ಗೆಳೆಯನ ಪರಿಚಯದವರು ಒಳಗೆ ಬಿಟ್ಟರು. ಮೇಲಿನ ಮಹಡಿಯಲ್ಲಿ ಉದ್ದುದ್ದ ತೊಟ್ಟಿಗಳು, ತಳಕ್ಕೆ ತಂತಿ ಬಲೆ, ಕೆಳಗಿನಿಂದ ದೊಡ್ಡ ಫ್ಯಾನು ಗಾಳಿ ಊದುತ್ತದೆ. ಎಲೆಯನ್ನು ಅದರ ಮೇಲೆ ಹರಡಿ ರಾತ್ರಿಯಿಡೀ ಬಾಡಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಎಲೆ ಬತ್ತಿ ಮೆತ್ತಗಾಗಿ, ಮುಷ್ಟಿಯಲ್ಲಿ ಹಿಡಿದರೆ ಮುರಿಯದೆ ಉಂಡೆ ಆಗುತ್ತದೆ. ಸರಿಯಾಗಿ ಬಾಡದಿದ್ದರೆ ಮುಂದಿನದೆಲ್ಲ ಹಾಳು ಅಂದರು ಅಲ್ಲಿನ ಮೇಸ್ತ್ರಿ.

ಮರುದಿನ ಬೆಳಿಗ್ಗೆ ಮತ್ತೆ ಹೋದಾಗ ಕೆಳಗಿನ ಮಹಡಿಯಲ್ಲಿ ಯಂತ್ರಗಳು ಓಡುತ್ತಿದ್ದವು. ಮಾತಾಡಿದರೆ ಕೇಳಿಸುವುದಿಲ್ಲ. ಸಿಟಿಸಿ ಅನ್ನುತ್ತಾರಲ್ಲ, ನಾವು ದಿನಾ ಕುಡಿಯುವ ಕಾಳು ಕಾಳು ಟೀ ಪುಡಿ, ಅದು ಇಲ್ಲೇ ಆಗುವುದು. ಹಲ್ಲು ಹಲ್ಲಿನ ಜೋಡಿ ಉಕ್ಕಿನ ರೋಲರ್. ಒಂದು ಜೋರಾಗಿ ತಿರುಗುತ್ತದೆ, ಇನ್ನೊಂದು ನಿಧಾನ. ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಆಚೆ ಬೀಳುತ್ತದೆ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಕೊನೆಯ ರೋಲರಿನಿಂದ ಬೆಲ್ಟಿನ ಮೇಲೆ ಬೀಳುವಾಗಲೂ ಅದು ಹಸಿರೇ. ಒದ್ದೆ ಒದ್ದೆ ಹಸಿರು ಹಿಟ್ಟು.

ಆಮೇಲೆ ಏನಾಗುತ್ತದೆ ಅನ್ನುವುದನ್ನು ನಿಂತು ನೋಡಬೇಕು. ಆ ಹಸಿರು ಹಿಟ್ಟು ಗಾಳಿಗೆ ಬಿದ್ದು ಬಣ್ಣ ಬದಲಾಯಿಸತೊಡಗುತ್ತದೆ. ಮೊದಲು ಅಂಚಿನಲ್ಲಿ ಹಳದಿ ಮಿಶ್ರಿತ ಕಂದು, ನೋಡ ನೋಡುತ್ತಿದ್ದಂತೆ ತಾಮ್ರದ ಬಣ್ಣ. ಹಸಿ ಸೊಪ್ಪಿನ ವಾಸನೆ ಹೋಗಿ ಹಣ್ಣಿನ ಘಮ ಬರುತ್ತದೆ. ಫರ್ಮೆಂಟೇಷನ್ ಅಂತ ಕರೆದರೂ ಇದರಲ್ಲಿ ಹುಳಿ ಬರುವುದೇನಿಲ್ಲ. ಹೆಚ್ಚಿದ ಬದನೆಕಾಯಿ ಕಪ್ಪಾಗುತ್ತದಲ್ಲ, ಆ ಕೆಲಸವೇ, ಎಲೆಯ ರಸ ಗಾಳಿಯ ಆಮ್ಲಜನಕದ ಜೊತೆ ಸೇರುವುದು. ಹತ್ತಿರ ಹತ್ತಿರ ಒಂದು ಗಂಟೆ. ಮೇಸ್ತ್ರಿ ಗಡಿಯಾರ ನೋಡುವುದಿಲ್ಲ, ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಾರೆ. ಮೂಗು ಸಾಕು ಅಂದರೆ ಸಾಕು. ನಮ್ಮ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನೂ ಥರ್ಮಾಮೀಟರ್ ಇಟ್ಟುಕೊಂಡಿರುವುದಿಲ್ಲವಲ್ಲ. ಮಾವ ಆ ಮೇಸ್ತ್ರಿಯ ಪಕ್ಕವೇ ನಿಂತುಬಿಟ್ಟರು. ಇಬ್ಬರಿಗೂ ಭಾಷೆ ಬರುವುದಿಲ್ಲ. ಅವರು ಮೂಸಿ ಕೊಡುವುದು, ಇವರು ಮೂಸಿ ತಲೆ ಆಡಿಸುವುದು.

ಅಲ್ಲಿಂದ ಡ್ರೈಯರ್. ಬಿಸಿ ಗಾಳಿಯಲ್ಲಿ ಪುಡಿ ಕುಣಿಯುತ್ತಾ ಸಾಗುತ್ತದೆ, ಆಚೆ ಬರುವಾಗ ಕಪ್ಪು, ತೇವ ಶೇಕಡ 3ರಷ್ಟು ಮಾತ್ರ. ಬಣ್ಣ ಬದಲಾಗುವುದು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ನಾರು ತೆಗೆಯುವುದು ನನಗೆ ತುಂಬಾ ಇಷ್ಟವಾಯಿತು. ಪುಡಿ ಹೋಗುವ ಬೆಲ್ಟಿನ ಮೇಲೆ ಪ್ಲಾಸ್ಟಿಕ್ ರೋಲರುಗಳು ತಿರುಗುತ್ತಿರುತ್ತವೆ. ಉಜ್ಜಿ ಉಜ್ಜಿ ಅವಕ್ಕೆ ಕರೆಂಟಿನ ಸೆಳೆತ ಬಂದಿರುತ್ತದೆ. ಹಗುರವಾದ ಕೆಂಪು ನಾರು ಮಾತ್ರ ಮೇಲಕ್ಕೆ ಹಾರಿ ರೋಲರಿಗೆ ಅಂಟುತ್ತದೆ, ಭಾರದ ಕಾಳು ಕೆಳಗೇ ಹೋಗುತ್ತದೆ. ಕೊನೆಗೆ ಜರಡಿ. ದಪ್ಪ ಕಾಳು ಒಂದು ಕಡೆ, ಸಣ್ಣದು ಇನ್ನೊಂದು ಕಡೆ, ಕೊನೆಗೆ ಡಸ್ಟ್.

ಡಸ್ಟ್ ಅಂದರೆ ಗುಡಿಸಿದ ಕಸ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದೇ ಎಲೆಯ ಅತಿ ಸಣ್ಣ ಕಾಳು. ಬೇಗ ಬಣ್ಣ ಬಿಡುತ್ತದೆ, ಕಡಕ್ ಆಗಿರುತ್ತದೆ, ಹಾಲಿಗೆ ತಡೆಯುತ್ತದೆ. ನಮ್ಮ ಕಡೆಯ ಹೋಟೆಲುಗಳಲ್ಲಿ ಬಟ್ಟೆ ಸೋಸುಗದಲ್ಲಿ ಹಾಕುವುದು ಇದನ್ನೇ. ಒಂದು ಕೆಜಿ ಪುಡಿಗೆ ನಾಲ್ಕು, ನಾಲ್ಕೂವರೆ ಕೆಜಿ ಹಸಿ ಎಲೆ ಬೇಕು ಅಂದರು. ಮಾವ ಕೂಡಲೇ ಹೋಲಿಸಿದರು, ಒಂದು ಟನ್ ಕಬ್ಬಿಗೆ 90ರಿಂದ 100 ಕೆಜಿ ಸಕ್ಕರೆ. "ಇವ್ರ ಇಳುವರಿನೇ ವಾಸಿ" ಅಂತ ಒಪ್ಪಿಕೊಂಡರು. ಆದರೆ ಎರಡೆಲೆ ಒಂದು ಮೊಗ್ಗಿನ ಲೆಕ್ಕದಲ್ಲಿ ನಾಲ್ಕು ಕೆಜಿ ಆಗಬೇಕಾದರೆ ಬೆರಳು ಎಷ್ಟು ಸಲ ತಿರುಗಬೇಕು ಅನ್ನುವುದನ್ನು ಇಬ್ಬರೂ ಹಿಂದಿನ ದಿನವೇ ನೋಡಿದ್ದೆವು.

ಹೊರಡುವ ಮುಂಚೆ ಕೋಡನಾಡಿನ ವ್ಯೂ ಪಾಯಿಂಟಿಗೆ ಕರೆದುಕೊಂಡು ಹೋದ ಗೆಳೆಯ. ಟೀ ತೋಟ ಅಲ್ಲಿ ತಟ್ಟನೆ ಮುಗಿದು ಬೆಟ್ಟ ಕೆಳಕ್ಕೆ ಬೀಳುತ್ತದೆ. ಕೆಳಗೆ ಮೋಯಾರ್ ಕಣಿವೆ, ತೆಂಗುಮರಹಡ ಅನ್ನುವ ಊರಿನ ಗದ್ದೆಗಳು, ಅದರಾಚೆ ಮಂಜಿನ ಹಿಂದೆ ಕರ್ನಾಟಕ. ಚಳಿಗಾಲ ಬಂದರೆ ಈ ಎತ್ತರದ ತೋಟಗಳಲ್ಲಿ ಎಲೆ ಮೇಲೆ ಹಿಮ ಕೂರುತ್ತದೆ. ಡಿಸೆಂಬರ್, ಜನವರಿಯ ಆ ಎಲೆಯಿಂದ ಮಾಡಿದ ಟೀಗೆ ಪರಿಮಳ ಜಾಸ್ತಿ ಅಂತ ಬೆಲೆಯೂ ಜಾಸ್ತಿ. ಅದೇ ಹಿಮ ಜೋರಾದರೆ ಚಿಗುರು ಸುಟ್ಟು ಹೋಗುತ್ತದೆ.

ವಾಪಸ್ ಬರುವುದಕ್ಕೆ ಊಟಿಯಿಂದ ಮಧ್ಯಾಹ್ನದ ಬಸ್ಸೇ ಹಿಡಿದೆವು. ನಾಲ್ಕೈದು ಗಂಟೆ ದಾರಿ, ಬಂಡೀಪುರದ ಗೇಟಿಗೆ ಆತುರ ಇಲ್ಲದ ಹಾಗೆ. ನೀವೂ ಹೋದರೆ ಕಾರ್ಖಾನೆಗೆ ಬೆಳಿಗ್ಗೆ ಹೋಗಿ. ಮಧ್ಯಾಹ್ನ ಹೋದರೆ ಬರೀ ಜರಡಿ ಮತ್ತು ಅಂಗಡಿ ತೋರಿಸುತ್ತಾರೆ. ಸಂಜೆ ಎಲೆ ಇಳಿಯುವುದು, ಬೆಳಿಗ್ಗೆ ರೋಲರ್ ಓಡುವುದು, ಎರಡನ್ನೂ ನೋಡಬೇಕಾದರೆ ಒಂದು ರಾತ್ರಿ ಅಲ್ಲೇ ಉಳಿಯಬೇಕು.

ಮಾವ ಎರಡು ಪೊಟ್ಟಣ ತಂದಿದ್ದರು. ಒಂದು ಕಾರ್ಖಾನೆಯಲ್ಲೇ ಕೊಂಡ ಡಸ್ಟ್, ಇನ್ನೊಂದು ಕೂನೂರಿನಲ್ಲಿ ಯಾರೋ ಹೊಗಳಿದರು ಅಂತ ಕೊಂಡ ಆರ್ಥಡಾಕ್ಸ್, ಎಲೆ ಹರಿಯದೆ ಸುರುಳಿ ಸುತ್ತಿರುವಂಥದ್ದು. ಅತ್ತೆ ದುಬಾರಿಯದ್ದೇ ಚೆನ್ನಾಗಿರುತ್ತದೆ ಅಂತ ಎರಡನೆಯದನ್ನು ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದರು. ಬಣ್ಣ ಬರಲಿಲ್ಲ, ಇನ್ನೆರಡು ಚಮಚ ಹಾಕಿದರು. ಮತ್ತೆ ಕುದಿಸಿದರು. "ಇದ್ಕಿಂತ ಬಿಸಿ ಹಾಲೇ ವಾಸಿ, ಎಷ್ಟು ಕೊಟ್ರಿ ಇದಕ್ಕೆ?" ಅಂತ ಕೇಳಿದರು. ಮಾವ ಬೆಲೆ ಹೇಳಲಿಲ್ಲ. ಮಾರನೇ ದಿನದಿಂದ ಆ ಮನೆಯಲ್ಲಿ ಡಸ್ಟೇ ನಡೆಯುತ್ತಿದೆ, ಮುಗಿದ ಮೇಲೆ ಗೆಳೆಯನಿಗೆ ಫೋನ್ ಮಾಡಿ ಪಾರ್ಸಲ್ ತರಿಸಿಕೊಂಡಿದ್ದಾರೆ. ಫೋನಿನಲ್ಲಿ ಎಲೆ ರೇಟು ಎಷ್ಟಾಯ್ತು ಅಂತ ಕೇಳುವುದನ್ನು ಬಿಟ್ಟಿಲ್ಲ. ಆರ್ಥಡಾಕ್ಸ್ ಪೊಟ್ಟಣ ನನ್ನ ಪಾಲಿಗೆ ಬಂತು. ಕುದಿಸಬಾರದು, ಬಿಸಿ ನೀರಿಗೆ ಹಾಕಿ ಮೂರು ನಿಮಿಷ ಮುಚ್ಚಿಟ್ಟು ಸೋಸಿಕೊಳ್ಳಬೇಕು, ಹಾಲು ಬೇಡ. ಹಾಗೆ ಕುಡಿದರೆ ಚೆನ್ನಾಗಿಯೇ ಇದೆ.